ಮನೆಯೋ, ಸುಡುಗಾಡೋ

ನೆಲ ಅಗೆಯುವ ಕಡೆ ನಗುವುದಕ್ಕೂ ಏನಾದರೂ ಸಿಗುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಒಂದು ಸಲ ಸಿಕ್ಕಿದ ಮೇಲೆ ಅದು ವಾರವಾರವೂ ಸಿಗತೊಡಗಿತು. ಆದರೆ ಅದನ್ನೆಲ್ಲ ಹೇಳುವ ಮೊದಲು ಸ್ವಲ್ಪ ವಿವರಣೆ ಕೊಡಲೇಬೇಕು. ನಾನು ಬರೆಯುತ್ತಿರುವುದು ಇದೇ ಮೊದಲು. ಓದುವವರಿಗೆ ಎಲ್ಲಿ ಗೊಂದಲವಾಗುತ್ತದೋ ಎಂಬ ಹೆದರಿಕೆ ನನಗೆ.

ಇದು ಅರವತ್ತರ ದಶಕದ ಮಾತು. ಹೊಸನಗರದಿಂದ ತೀರ್ಥಹಳ್ಳಿಯ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆದರೆ ಗದ್ದೆಬಯಲಿನ ಅಂಚಿಗೆ ಒಂದು ದಿಬ್ಬವಿತ್ತು. ದಿಬ್ಬ ಎಂದರೆ ಗುಡ್ಡವಲ್ಲ, ಎಮ್ಮೆ ಏದುಸಿರಿಲ್ಲದೆ ಹತ್ತಿ ಇಳಿಯುವಷ್ಟು ಎತ್ತರ. ಅಲ್ಲಿ ಎರಡು ಸಾವಿರ ವರ್ಷದ ಹಿಂದೆ ಜನ ವಾಸವಾಗಿದ್ದರೇ ಎಂದು ತಿಳಿಯಲು ಉತ್ಖನನ ನಡೆಯುತ್ತಿತ್ತು. ಉತ್ಖನನ ಅಂದರೂ ಅಗೆತವೇ. ಬಾವಿ ತೋಡುವವರು ಒಂದು ಬೆಳಿಗ್ಗೆ ಅಗೆಯುವಷ್ಟನ್ನು ಇಲ್ಲಿ ಒಂದು ತಿಂಗಳು ಅಗೆಯುತ್ತಾರೆ, ಅಷ್ಟೇ ವ್ಯತ್ಯಾಸ. ಅವತ್ತಿನ ಕೆಲಸ ಎಷ್ಟಾಯಿತು, ಏನು ಸಿಕ್ಕಿತು ಎಂದು ಸಂಜೆ ಬರೆದಿಡುವುದು ನನ್ನ ಕೆಲಸ. ಅದಕ್ಕೆ ‘ದಿನದ ಪ್ರಗತಿ’ ಎಂದು ಹೆಸರು.

ನಮ್ಮ ಸಾಹೇಬರು ಮೈಸೂರಿನ ಕಡೆಯವರು, ವಯಸ್ಸು ಇನ್ನೂ ಸಣ್ಣದು. ವಿಲಾಯಿತಿಗೆ ಹೋಗಿ, ಅಲ್ಲಿ ರೋಮನ್ನರ ಕಾಲದ ಒಂದು ಹಳ್ಳಿಯನ್ನು ಅಗೆಯುವುದನ್ನು ನೋಡಿ ಕಲಿತು ಬಂದಿದ್ದರು. ಹಾಗಾಗಿ ಮಾತೆತ್ತಿದರೆ ‘ರೋಮನ್ನರ ಹಳ್ಳಿಯಲ್ಲಿ ಹೀಗೆ ಮಾಡುತ್ತಿದ್ದೆವು’ ಎನ್ನುವರು. ಕೆಲಸದವರು ರೋಮ್ ಎಂದರೆ ಆಗುಂಬೆ ಘಾಟಿ ಇಳಿದ ಮೇಲೆ ಸಿಗುವ ಯಾವುದೋ ಊರು ಎಂದುಕೊಂಡಿದ್ದರು.

ಸಾಹೇಬರಿಗೆ ಒಂದು ದೊಡ್ಡ ಚಿಂತೆಯಿತ್ತು. ಅವರ ಮೇಲಿನವರಾದ ದೊಡ್ಡ ಸಾಹೇಬರು, ‘ಅದು ಊರಲ್ಲ, ಹಳೇ ಕಾಲದ ಸುಡುಗಾಡು. ಮಳೆಗಾಲಕ್ಕೆ ಮೊದಲು ಬರುತ್ತೇನೆ. ಒಂದಾದರೂ ಮನೆ ತೋರಿಸು, ಇಲ್ಲದಿದ್ದರೆ ಕೆಲಸ ಮುಚ್ಚಿ ವಾಪಸು ಬಾ’ ಎಂದುಬಿಟ್ಟಿದ್ದರು. ವಾಪಸು ಅಂದರೆ ಮ್ಯೂಸಿಯಮ್ಮಿನ ಉಗ್ರಾಣಕ್ಕೆ, ಒಡೆದ ಮೂರ್ತಿಗಳ ಧೂಳು ಹೊಡೆಯುವುದಕ್ಕೆ. ನಮ್ಮ ಸಾಹೇಬರು ನಿದ್ದೆಯಲ್ಲೂ ‘ಮನೆ, ಮನೆ’ ಎನ್ನುತ್ತಿದ್ದರು. ಹೆಂಡತಿಯ ನೆನಪಾಗಿರಬೇಕು ಎಂದು ಅಡಿಗೆಭಟ್ಟರು ಮರುಗುತ್ತಿದ್ದರು.

ಪ್ರಗತಿ: ಒಂದು ಹೆಡಿಗೆ ನಿಧಿ

ಸರ್ಕಾರದವರು ಅಗೆಯುತ್ತಾರೆ ಎಂದರೆ ನಿಧಿಗೇ ಎಂದು ಸುತ್ತಲಿನ ಊರುಗಳಲ್ಲೆಲ್ಲ ತೀರ್ಮಾನವಾಗಿತ್ತು. ಪಕ್ಕದ ಊರಿನ ಗೌಡರೊಬ್ಬರು ಸಂಜೆ ಎತ್ತು ಹೊಡೆದುಕೊಂಡು ಹೋಗುವಾಗ ದಿನಾ ನಿಂತು, ದನಿ ತಗ್ಗಿಸಿ, ‘ಸಿಕ್ತಾ?’ ಎಂದು ಕೇಳುವರು. ‘ಇಲ್ಲ’ ಎಂದರೆ ನಂಬರು. ‘ನಮ್ಮ ಹತ್ರ ಎಂಥ ಗುಟ್ಟು ಮಾರಾಯ್ರೇ’ ಎಂದು ನಕ್ಕು ಮುಂದೆ ಹೋಗುವರು.

ಒಂದು ದಿನ ಸಾಹೇಬರು ಅವರನ್ನು ಡೇರೆಯ ಒಳಗೇ ಕರೆದರು. ತೊಳೆದು ಚಾಪೆಯ ಮೇಲೆ ಒಣಗಿಸಿಟ್ಟಿದ್ದ ಮಡಕೆಯ ಚೂರುಗಳನ್ನು ತೋರಿಸಿ, ‘ನೋಡಿ ಗೌಡರೇ, ಇದೇ ನಮ್ಮ ನಿಧಿ. ಇದರ ಅಂಚು, ಬಣ್ಣ, ಹೊಗೆ ಹಿಡಿದ ಗುರುತು ನೋಡಿಯೇ ಜನ ಹೇಗೆ ಬದುಕಿದ್ದರು ಅಂತ ಹೇಳಬಹುದು’ ಎಂದು ವಿವರಿಸಿದರು. ಗೌಡರು ಒಂದು ಚೂರನ್ನು ಎತ್ತಿ, ತಿರುಗಿಸಿ ನೋಡಿ, ಅಲ್ಲೇ ಇಟ್ಟು ಹೋದರು.

ಮಾರನೇ ಬೆಳಿಗ್ಗೆ ಆಳಿನ ತಲೆಯ ಮೇಲೆ ಹೆಡಿಗೆ ಹೊರಿಸಿಕೊಂಡು ಬಂದರು. ಇಳಿಸಿದರೆ ಅದರ ತುಂಬ ಒಡೆದ ಮಡಕೆ, ಕುಡಿಕೆ, ಬಾನಿಯ ಅಂಚು.

‘ಇದೆಂಥದು ಗೌಡರೇ?’ ಎಂದರು ಸಾಹೇಬರು.

‘ನಿಮಗೆ ಬೇಕಲ್ಲ, ಅದಕ್ಕೆ ತಂದೆ. ನೀವು ಬಿಸಿಲಲ್ಲಿ ಅಗೆದು ಸಾಯೋದ್ಯಾಕೆ? ನಮ್ಮ ಮನೇಲಿ ಸೊಸೆ ಬಂದ ಮೇಲೆ ದಿನಕ್ಕೊಂದು ನಿಧಿ ಸಿಗ್ತದೆ.’

ಪ್ರಗತಿ: ಗೂಟ ಮತ್ತು ಹಗ್ಗ

ಇಲ್ಲಿ ಒಂದು ವಿಷಯ ಹೇಳಬೇಕು. ಕಂಡಲ್ಲಿ ಅಗೆಯುವಂತಿಲ್ಲ. ಮೊದಲು ಗೂಟ ಹೊಡೆದು, ಹಗ್ಗ ಎಳೆದು, ಚೌಕ ಮಾಡಿಕೊಂಡು, ಅದರೊಳಗೆ ಮಾತ್ರ ಅಗೆಯಬೇಕು. ಇನ್ನೊಂದು ವಿಷಯವನ್ನೂ ಹೇಳಬೇಕು. ಶರಾವತಿಗೆ ಅಣೆಕಟ್ಟು ಕಟ್ಟಿ, ಸಾಗರ, ಹೊಸನಗರದ ಕಡೆಯ ಎಷ್ಟೋ ಊರುಗಳ ಜನ ಗಂಟುಮೂಟೆ ಕಟ್ಟಿಕೊಂಡು ಎದ್ದು ಬಂದಿದ್ದ ಕಾಲ ಅದು. ಯಾರಾದರೂ ಪ್ಯಾಂಟು ಹಾಕಿಕೊಂಡು ಗೂಟ ಹೊಡೆದರೆ ಮುಳುಗಡೆ ಬಂತು ಎಂದೇ ಜನರ ಲೆಕ್ಕ. ಈ ಎರಡು ವಿಷಯಗಳನ್ನು ಸಾಹೇಬರು ಕೂಡಿಸಿ ನೋಡಿರಲಿಲ್ಲ.

ಹೊಸ ಚೌಕಕ್ಕೆ ಗೂಟ ಹೊಡೆದ ಮಧ್ಯಾಹ್ನ ಬಯಲಿನ ಆಚೆಯಿಂದ ಒಂದು ದಂಡೇ ಬಂತು. ಮುಂದೆ ಒಬ್ಬ ಅಜ್ಜ. ಅವನು ಒಂದು ಮುಳುಗಡೆ ಕಂಡು ಎದ್ದು ಬಂದವನು.

‘ನೀರು ಎಲ್ಲೀವರೆಗೆ ಬರ್ತದೆ, ಅದೊಂದು ಹೇಳಿ. ಈ ಗೂಟದವರೆಗಾ, ಆ ಗೂಟದವರೆಗಾ?’

‘ಅಜ್ಜಾ, ನೀರು ಬರೋದಿಲ್ಲ. ಹಿಂದೆ ಇಲ್ಲಿ ಜನ ಇದ್ದರು. ಅವರ ಮನೆ ಹುಡುಕುತ್ತಿದ್ದೇವೆ.’

‘ಈಗ ಎಲ್ಲಿದಾರೆ ಅವರು?’

‘ಇಲ್ಲಿಂದ ಎದ್ದು ಹೋದರು. ಎರಡು ಸಾವಿರ ವರ್ಷ ಆಯಿತು.’

ಅಜ್ಜ ದಿಬ್ಬವನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದ. ‘ಆಗಲೂ ಎಬ್ಬಿಸಿದ್ರಾ?’

‘ಯಾಕೆ ಹೋದರೋ ಗೊತ್ತಿಲ್ಲ ಅಜ್ಜಾ.’

‘ಪರಿಹಾರ ಸಿಕ್ತಾ?’

ಸಾಹೇಬರು ನಿಜಕ್ಕೂ ಯೋಚನೆ ಮಾಡಿದರು. ಓದಿದವರಲ್ಲವೇ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ. ‘ಸಿಕ್ಕಿರಲಿಕ್ಕಿಲ್ಲ’ ಎಂದರು.

ಅಜ್ಜ ಹಿಂದೆ ತಿರುಗಿ ದಂಡಿಗೆ ಹೇಳಿದ: ‘ಹೆದರಬೇಡಿ. ಇವರು ಹುಡುಕ್ತಾ ಇರೋದು ನಮ್ಮ ಕಡೆಯವರನ್ನೇ.’

ಪ್ರಗತಿ: ಒಂದು ಒಲೆ (ರದ್ದು)

ಬಿಸಿಲು ಏರುತ್ತ ಬಂತು, ಮನೆ ಮಾತ್ರ ಸಿಗಲಿಲ್ಲ. ಸುಟ್ಟ ಎಲುಬಿನ ಚೂರು ಸಿಕ್ಕಿತು. ಅದನ್ನು ಕಂಡು ಸಾಹೇಬರ ಮುಖ ಸಣ್ಣದಾಯಿತು. ಯಾಕೆಂದರೆ ಎಲುಬು ಎಂದರೆ ಸುಡುಗಾಡಿನ ಪಕ್ಷದ ಸಾಕ್ಷಿ. ಆಮೇಲೆ ಒಂದು ಬೇಸಿಗೆ ಮಳೆ ಬಿದ್ದು, ಎರಡು ದಿನ ಕೆಲಸ ನಿಂತಿತು.

ಮತ್ತೆ ಶುರುವಾದ ಬೆಳಿಗ್ಗೆ ಚೌಕದ ಮೂಲೆಯಿಂದ ಸಾಹೇಬರ ಕೂಗು ಕೇಳಿತು. ಓಡಿ ಹೋಗಿ ನೋಡಿದರೆ ಅವರು ಹೊಟ್ಟೆಯ ಮೇಲೆ ಮಲಗಿ ಬ್ರಶ್ಶಿನಲ್ಲಿ ಗುಡಿಸುತ್ತಿದ್ದಾರೆ. ಗಟ್ಟಿ ಕೂತ ಬೂದಿ, ಇದ್ದಿಲು, ಸೀದ ಕಾಳು. ‘ಒಲೆ! ಒಲೆ ಇದ್ದಲ್ಲಿ ಅಡಿಗೆ, ಅಡಿಗೆ ಇದ್ದಲ್ಲಿ ಮನೆ! ರೋಮನ್ನರ ಹಳ್ಳಿಯಲ್ಲೂ ಮೊದಲು ಸಿಕ್ಕಿದ್ದು ಒಲೆಯೇ!’ ಎಂದರು. ನಾನು ಆಗಲೇ ಪ್ರಗತಿಗೆ ‘ಒಲೆ, ಒಂದು’ ಎಂದು ಬರೆದೆ.

ನಮ್ಮ ಅಡಿಗೆಭಟ್ಟರು ಹೆಗ್ಗೋಡಿನ ಕಡೆಯವರು, ಮಾತು ಹವ್ಯಕರದು. ಸೌಟು ಹಿಡಿದುಕೊಂಡೇ ಬಂದು ಇಣುಕಿದರು.

‘ಎಂತ ಸಿಕ್ಕಿದ್ದು?’

‘ಹಳೇ ಕಾಲದ ಒಲೆ, ಭಟ್ಟರೇ. ಇಲ್ಲಿ ನೋಡಿ, ಧಾನ್ಯ ಕೂಡ ಇದೆ!’

ಭಟ್ಟರು ಬಗ್ಗಿ ಒಂದು ಕಾಳನ್ನು ಉಗುರಿನಲ್ಲಿ ಎತ್ತಿ, ಮೂಸಿ, ತಣ್ಣಗೆ ಹೇಳಿದರು: ‘ಇದು ಸಾಸಿವೆ. ಮೊನ್ನೆ ಒಗ್ಗರಣೆ ಸೀದು ಹೋಗಿತ್ತಲ, ಅದು. ಮಳೆ ಬಂತು, ಬೂದಿ ಎಲ್ಲಿ ಹಾಕದು? ಇಲ್ಲಿ ಹೊಂಡ ಇದ್ದು ಹೇಳಿ ನಾನೇ ತಂದು ಸುರಿದಿ.’

ಸಾಹೇಬರು ಮಲಗಿದಲ್ಲಿಂದ ಏಳಲೇ ಇಲ್ಲ. ಭಟ್ಟರಿಗೆ ಪಾಪ ಎನಿಸಿರಬೇಕು. ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: ‘ಬೇಜಾರು ಎಂತಕ್ಕೆ? ಬೇಕಾದ್ರೆ ನಾಳೆಯೂ ಸೀಯಿಸ್ತೆ.’

ಪ್ರಗತಿ: ನೆಲ

ಕೊನೆಗೆ, ಮೋಡ ಕಟ್ಟತೊಡಗಿದ ಹೊತ್ತಿಗೆ, ಒಂದು ನೆಲ ಸಿಕ್ಕಿತು. ಬಡಿದು ಬಡಿದು ಗಟ್ಟಿ ಮಾಡಿದ ಕೆಂಪು ನೆಲ, ಚಪ್ಪಟೆಯಾಗಿ, ಹಜಾರದಷ್ಟು ಅಗಲಕ್ಕೆ. ನಾವೆಲ್ಲ ಕುಣಿದೆವು, ಸಾಹೇಬರು ಕುಣಿಯಲಿಲ್ಲ. ಗಟ್ಟಿ ನೆಲ ಸುಡುಗಾಡಿನಲ್ಲೂ ಇರಬಹುದಂತೆ. ಮನೆ ಎನ್ನಬೇಕಾದರೆ ಕಂಬದ ಗುಳಿ ಬೇಕಂತೆ. ಅಂದರೆ ಮರದ ಕಂಬ ಹುಗಿದ ಜಾಗ. ಕಂಬ ಎಂದೋ ಕೊಳೆತು ಹೋಗಿ ಗುಳಿಯಲ್ಲಿ ಸಡಿಲ ಮಣ್ಣು ತುಂಬಿಕೊಂಡಿರುತ್ತದೆ. ನಮ್ಮ ದುರದೃಷ್ಟಕ್ಕೆ ಆ ಮಣ್ಣೂ ಕೆಂಪು, ಈ ನೆಲವೂ ಕೆಂಪು. ಸಾಹೇಬರು ಮೊಣಕಾಲೂರಿ ತೆವಳಿ ತೆವಳಿ ಹುಡುಕಿದರು. ಒಂದೂ ಕಾಣಲಿಲ್ಲ. ನಾಳೆ ದೊಡ್ಡ ಸಾಹೇಬರು ಬರುತ್ತಾರೆ ಎಂಬ ಸಂಜೆ ಅವರು ಊಟ ಬೇಡವೆಂದು, ‘ಜಾಗ ಚೊಕ್ಕಟ ಮಾಡಿಡಿ’ ಎಂದಷ್ಟೇ ಹೇಳಿ ಡೇರೆಗೆ ಹೋದರು. ಹೇಳಿದ್ದು ಮಣ್ಣು ಹೊರುವ ಹೆಂಗಸರಿಗೆ. ಅವರಲ್ಲಿ ಹಿರಿಯಳು ಒಬ್ಬಳು ಗಟ್ಟಿಗಿತ್ತಿ, ಉಳಿದವರೆಲ್ಲ ಅವಳ ಮಾತು ಕೇಳುವವರು.

ಬೆಳಿಗ್ಗೆ ಜೀಪು ಬಂತು. ದೊಡ್ಡ ಸಾಹೇಬರನ್ನು ಕರೆದುಕೊಂಡು ಚೌಕದ ಹತ್ತಿರ ಹೋದ ನಮ್ಮ ಸಾಹೇಬರು ಅಲ್ಲೇ ಕಂಬದ ಹಾಗೆ ನಿಂತರು. ಎರಡು ಸಾವಿರ ವರ್ಷದ ನೆಲದ ತುಂಬ ಸಗಣಿ ಸಾರಿಸಿತ್ತು. ಅಂಚಿಗೆ ಕೆಮ್ಮಣ್ಣಿನ ಪಟ್ಟಿ. ಎದುರಿಗೆ ರಂಗೋಲಿ.

‘ಏನಿದು?’ ಎಂದರು ದೊಡ್ಡ ಸಾಹೇಬರು.

ಹಿರಿಯಳು ಮುಂದೆ ಬಂದಳು. ‘ಚೊಕ್ಕಟ ಮಾಡಿ ಅಂದ್ರಲ್ಲ ಅಯ್ಯಾ. ದೊಡ್ಡೋರು ಮನೆ ನೋಡೋಕೆ ಬರೋವಾಗ ಸಾರಿಸ್ದೆ ಬಿಡೋದಾ? ಆ ಮನೆಯೋರು ಇಲ್ಲ ಅಂತ ನಾವೂ ಬಿಟ್ರೆ ಆಗ್ತದಾ?’

‘ಮನೆ ಅಂತ ನಿನಗೆ ಯಾರು ಹೇಳಿದರಮ್ಮ?’

‘ನಮ್ಮ ಸಾಹೇಬ್ರು ಹಗಲೂ ರಾತ್ರಿ ಅದನ್ನೇ ಹೇಳ್ತಾರೆ. ಆದ್ರೆ ಈ ನೆಲ ಮಾತ್ರ ಬಾಳ ಕೆಟ್ಟದ್ದು ಅಯ್ಯಾ. ಬೇರೆ ಕಡೆ ಎಲ್ಲ ಒಣಗ್ತು, ಆ ಕೆಲವು ಕಡೆ ಮಾತ್ರ ಸಗಣಿ ನೀರು ಕುಡೀತಾನೇ ಇರ್ತದೆ. ಎಷ್ಟು ಹಾಕಿದ್ರೂ ಹಸಿ ಹಸಿ.’

ನಮ್ಮ ಸಾಹೇಬರು ತಲೆ ಎತ್ತಿದರು. ದೊಡ್ಡ ಸಾಹೇಬರು ಕನ್ನಡಕ ಹಾಕಿಕೊಂಡರು. ಒಣಗಿ ತಿಳಿಯಾಗಿದ್ದ ನೆಲದ ಮೇಲೆ ರೊಟ್ಟಿಯಷ್ಟಷ್ಟು ಅಗಲದ ಕಪ್ಪು ವೃತ್ತಗಳು ಎದ್ದು ಕಾಣುತ್ತಿದ್ದವು. ಸಡಿಲ ಮಣ್ಣು ನೀರು ಹೀರಿ ಹಾಗೇ ಹಸಿಯಾಗಿ ಉಳಿದಿತ್ತು. ನೇರ ಸಾಲಿನಲ್ಲಿ ಒಂದಷ್ಟು, ಮೂಲೆಯಲ್ಲಿ ತಿರುಗಿ ಇನ್ನೊಂದಷ್ಟು, ನಡುವೆ ಬಾಗಿಲಿನಷ್ಟು ಖಾಲಿ.

‘ಕಂಬದ ಗುಳಿ’ ಎಂದರು ನಮ್ಮ ಸಾಹೇಬರು.

ದೊಡ್ಡ ಸಾಹೇಬರು ‘ಹೂಂ’ ಎಂದರು, ‘ಹೂಂಹೂಂ’ ಎಂದರು. ವರ್ಷಗಟ್ಟಲೆ ಸುಡುಗಾಡು ಎಂದು ಸಾಧಿಸಿಕೊಂಡು ಬಂದವರು ತಟ್ಟನೆ ಸೋಲೊಪ್ಪುವುದುಂಟೇ? ‘ಹತ್ತಿರದಿಂದ ನೋಡದೆ ಹೇಳುವಂತಿಲ್ಲ’ ಎಂದು ಬೂಟುಗಾಲನ್ನು ಎತ್ತಿ ಒಳಗಿಡಲು ಹೊರಟರು.

‘ಅಯ್ಯಾ, ಬೂಟು!’ ಎಂದು ಹಿರಿಯಳು ಪೊರಕೆ ಅಡ್ಡ ಹಿಡಿದಳು.

ದೊಡ್ಡ ಸಾಹೇಬರ ಕಾಲು ಗಾಳಿಯಲ್ಲೇ ನಿಂತಿತು. ನಮ್ಮ ಸಾಹೇಬರು ಕಣ್ಣು ಮುಚ್ಚಿಕೊಂಡರು.

‘ಮನೆ ಅಂತಾದ್ರೆ ಬೂಟು ಬಿಚ್ಚಿ ಒಳಗೆ ಬನ್ನಿ’ ಎಂದಳು ಅವಳು, ‘ಸುಡುಗಾಡು ಅಂತಾದ್ರೆ ಹಾಗೇ ಬನ್ನಿ, ಬೇಡ ಅನ್ನೋದಿಲ್ಲ. ಆದ್ರೆ ಆಮೇಲೆ ಹೊಳೆಗೆ ಹೋಗಿ, ಬಟ್ಟೆ ಸಮೇತ ಮುಳುಗು ಹಾಕಿಯೇ ನಮ್ಮ ಭಟ್ಟರ ಊಟಕ್ಕೆ ಕೂರಬೇಕು.’

ದೊಡ್ಡ ಸಾಹೇಬರು ಅವಳನ್ನು ನೋಡಿದರು. ಮೈಮೇಲಿನ ಉಣ್ಣೆಯ ಕೋಟು ನೋಡಿಕೊಂಡರು. ಆಮೇಲೆ ಪಕ್ಕದ ಮಣ್ಣುಗುಡ್ಡೆಯ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದರು.