ಮಾವ ಕೊಟ್ಟ ತಗಡಿನ ಬಂಡಿ

ಹೆದರುವವನನ್ನು ಹುಡುಕಿಕೊಂಡೇ ಹೆದರಿಸುವ ಸಂಗತಿಗಳು ಬರುತ್ತವೆ ಅನ್ನುವುದಕ್ಕೆ ನಾನೇ ಸಾಕ್ಷಿ. ಬೀದಿಯಲ್ಲಿ ಅಷ್ಟು ಜನ ಧೈರ್ಯವಂತರಿದ್ದರೂ ಅವರ ಮನೆಗೆ ಹೋಗದೆ ನೇರ ನಮ್ಮ ಅಂಗಳಕ್ಕೇ ಬರುತ್ತವೆ. ನನಗೆ ಮೋಡ ಕವಿದರೆ ಭಯ, ಕವಿಯದಿದ್ದರೆ ಬೆಳೆಯ ಭಯ. ಇಂಥವನಿಗೆ ಮದುವೆಯಲ್ಲಿ ಮಾವ ಕೊಟ್ಟದ್ದು ಒಂದು ತಗಡಿನ ಬಂಡಿ.

ಕಂಬಂ ಕಣಿವೆಯ ಗೂಡಲೂರಿನಾಚೆ ಬೆಟ್ಟದ ಮೇಲೆ ಬಿಳಿ ದೊರೆಗಳು ಅಣೆಕಟ್ಟು ಕಟ್ಟಿಸುತ್ತಿದ್ದ ಕಾಲ ಅದು. ಅಲ್ಲಿ ಸುಣ್ಣ ಹೊತ್ತು, ಮಳೆಯಲ್ಲಿ ನೆಂದು ಹಳೆಯದಾಗಿದ್ದ ಎತ್ತಿನ ಬಂಡಿಯೊಂದನ್ನು ಕಂಬಂನ ನನ್ನ ಮಾವ ಕೊಂಡು, ಅದಕ್ಕೆ ನೀಲಿ ಬಣ್ಣ ಬಳಿಸಿ, ಮಗಳ ಹಿಂದೆಯೇ ನಮ್ಮ ಬೋಡಿನಾಯಕನೂರಿಗೆ ಕಳಿಸಿದ್ದರು. ಚಕ್ರ, ಮೂಕಿ ಮರದ್ದು. ತಳ ಮತ್ತು ಪಕ್ಕಗಳೆಲ್ಲ ಕಬ್ಬಿಣದ ತಗಡು. ಆ ತಮಿಳು ಊರಿನ ನಮ್ಮ ಕನ್ನಡದವರ ಬೀದಿಯಲ್ಲಿ ಅಂಥ ಬಂಡಿ ಇನ್ನೊಂದಿರಲಿಲ್ಲ. ಅಪ್ಪ ಅದನ್ನು ಜನ ನೋಡಲಿ ಅಂತಲೇ ಬಾಗಿಲ ಮುಂದೆ ನಿಲ್ಲಿಸುತ್ತಿದ್ದರು.

ಹೆಬ್ಬೆರಳು

ನನ್ನ ಹೆಂಡತಿ ಚೊಚ್ಚಲ ಬಸುರಿ. ಏಳು ತುಂಬಿತು, ತವರಿಗೆ ಬಿಟ್ಟು ಬರಬೇಕು. "ಹೋದ್ರೆ ನಮ್ಮಪ್ಪ ಕೊಟ್ಟ ಬಂಡೀಲೇ ಹೋಗ್ಬೇಕು. ಬಾಗ್ಲಲ್ಲಿ ನಿಂತು ಮೊದಲು ಬಂಡಿ ನೋಡ್ತಾರೆ, ಆಮೇಲೇ ನನ್ನ ನೋಡೋದು" ಅಂದಳು. ನಗುತ್ತಾ ಅಂದದ್ದಲ್ಲ.

ಸರಿ, ಬಂಡಿ ತೊಳೆಯಲು ಕೂತೆ. ಹಿಂಬದಿಯ ತಳದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಆಚೆ ಕಡೆಗೆ ಹೊರಟುಹೋಯಿತು. ಬಣ್ಣದ ಕೆಳಗೆ ತಗಡೇ ಇರಲಿಲ್ಲ, ಬರೀ ತುಕ್ಕು.

ಕೂತಲ್ಲೇ ಯೋಚನೆ ಹತ್ತಿತು. ತುಕ್ಕು ಹಿಡಿದದ್ದನ್ನು ಕೊಟ್ಟಿರಿ ಅಂದರೆ ಮಾವನಿಗೆ ಅವಮಾನ. ಬೇರೆ ಬಂಡಿಯಲ್ಲಿ ಹೋದರೆ, ಕೊಟ್ಟದ್ದನ್ನು ಅಳಿಯ ಹಾಳು ಮಾಡಿದ ಅಂತ ನನಗೆ ಅವಮಾನ. ಇದರಲ್ಲೇ ಹೋದರೋ, ಬಸುರಿ ಹೆಂಗಸು ಕೂತಿರುವಾಗ ದಾರಿಯಲ್ಲಿ ತಳ ಕಿತ್ತುಕೊಂಡರೆ? ಮುಂದಕ್ಕೆ ಯೋಚಿಸಲು ನನಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಅಪ್ಪ ಬಂದರು. "ಏನ್ಲೇ, ಆವಾಗಿಂದ ಅಲ್ಲೇ ಕೂತಿದ್ದಿ?"

"ಬಂಡಿ ತೊಳೀತಾ ಇದ್ದೀನಪ್ಪಾ."

"ತೊಳೀ. ಕೈ ಆಡಿಸು ಮತ್ತೆ."

"ಆಡಿಸೋಕೆ ಆಗ್ತಿಲ್ಲ. ಬೆರಳು ಸಿಕ್ಕಿಕೊಂಡೈತೆ."

ಹುಣಸೆಹಣ್ಣು

ಊರಲ್ಲಿ ಯಾರಿಗೂ ತಿಳಿಯಬಾರದು, ಮನೆಯಲ್ಲೇ ರಿಪೇರಿ ಆಗಬೇಕು ಅಂತ ಅಪ್ಪ ತೀರ್ಮಾನಿಸಿದರು. ಬಂಡಿಯನ್ನು ಹಿತ್ತಲಿಗೆ ತಳ್ಳಿದೆವು. ತುಕ್ಕು ಅಂದಕೂಡಲೇ ಅಜ್ಜಿ ಸೆರಗು ಕಟ್ಟಿ ಎದ್ದಳು. ತಾಮ್ರದ ಚೊಂಬು, ಹಿತ್ತಾಳೆ ದೀಪ ಎಲ್ಲವನ್ನೂ ಹೊಳೆಯಿಸಿದ ಕೈ ಅವಳದು.

"ಹುಣಸೆಹಣ್ಣು, ಬೂದಿ ತತ್ತಾ ಮಗಾ. ಕಬ್ಬಿಣ ಆದ್ರೇನು, ಅದೂ ಒಂದು ಪಾತ್ರೆನೇ."

ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣಿನ ಗಡಿಗೆ ಹೊರಗೆ ಬಂತು. ಅಜ್ಜಿ ಉಜ್ಜಿದಳು, ಅವ್ವ ಉಜ್ಜಿದಳು. ನಾನು ನೀರು ಹಾಕುತ್ತಾ, ನನ್ನ ಬೆರಳಗಲದ ತೂತು ಅಂಗೈಯಗಲವಾಗಿ, ಊಟದ ತಟ್ಟೆಯಗಲವಾಗಿ ಬೆಳೆಯುವುದನ್ನು ನೋಡುತ್ತಾ ನಿಂತೆ. "ಸಾಕಜ್ಜಿ, ಸಾಕು" ಅಂದರೆ, "ಇನ್ನಾ ಅಂಚಲ್ಲಿ ವಸಿ ಐತೆ" ಅಂತ ಉಜ್ಜುವುದೇ.

ಕೊನೆಗೆ ಅಜ್ಜಿ ಸೊಂಟ ಹಿಡಿದುಕೊಂಡು ಎದ್ದು ನಿಂತು, ಬಂಡಿಯೊಳಗಿಂದ ಕಾಣುತ್ತಿದ್ದ ನೆಲವನ್ನು ತೃಪ್ತಿಯಿಂದ ನೋಡಿ ಹೇಳಿದಳು: "ನೋಡು, ಈಗ ಒಂದು ಚೂರೂ ತುಕ್ಕಿಲ್ಲ."

ಆ ವರ್ಷವೆಲ್ಲ ನಮ್ಮ ಮನೆಯ ಸಾರಿಗೆ ಹುಳಿ ಇರಲಿಲ್ಲ.

ದಿಂಡಿಗಲ್ ಬೀಗ

ಅವ್ವನ ತಮ್ಮ, ನನ್ನ ಸೋದರಮಾವ, ದಿಂಡಿಗಲ್‌ನಲ್ಲಿ ಬೀಗ ಮಾಡುವವನು. ಕಬ್ಬಿಣ ಅಂದರೆ ಅವನಿಗೆ ಕರತಲಾಮಲಕ. ಮನೆಯವನೇ ಆದ್ದರಿಂದ ಗುಟ್ಟು ಹೊರಗೆ ಹೋಗುವುದಿಲ್ಲ ಅಂತ ಅವನಿಗೆ ಹೇಳಿ ಕಳಿಸಿದೆವು. ರೈಲೂ ಇಲ್ಲದ ನಮ್ಮೂರಿಗೆ ಪಾಪ, ಸಾಮಾನಿನ ಚೀಲ ಹೊತ್ತು ಬಂದ. ತೂತಿನ ಸುತ್ತ ತಟ್ಟಿ ನೋಡಿ "ಒಂದು ತಗಡು ಹಾಕಿ ಮುಚ್ಚಿದ್ರೆ ಆಯ್ತು" ಅಂದ. ನನ್ನ ಎದೆಯ ಮೇಲಿನ ಭಾರ ಇಳಿಯಿತು.

ಸಂಜೆ ಹೋಗಿ ನೋಡುತ್ತೇನೆ. ತಗಡು ಹಾಕಿದ್ದ, ನಿಜ. ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಕೊಂಡಿ, ಕೊಂಡಿಗೆ ತೆಂಗಿನಕಾಯಿ ಗಾತ್ರದ ಬೀಗ.

"ಬೀಗ ಯಾಕೆ?" ಅಂದೆ.

"ನಮ್ಮ ಕೈಯಿಂದ ಬೀಗ ಇಲ್ದೆ ಒಂದು ಸಾಮಾನು ಆಚೆ ಹೋದ್ರೆ ದಿಂಡಿಗಲ್‌ನಲ್ಲಿ ತಲೆ ಎತ್ತಿ ತಿರುಗಾಕಾಗಲ್ಲಪ್ಪಾ. ಇದಕ್ಕೆ ಕಳ್ಳ ಕೀ ಹಾಕೋನು ಹುಟ್ಟಿಲ್ಲ."

ಹೆಂಡತಿ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಇಲ್ಕೇಳಿ, ನಾನು ಕೂತ ಮ್ಯಾಲೆ ಬೀಗ ಹಾಕ್ತೀರಾ, ತೆಗೀತೀರಾ?"

ಭಾರ ತಡೆಯುತ್ತದೋ ನೋಡೋಣ ಅಂತ ಅಪ್ಪ ತಾವೇ ಹತ್ತಿ ಅದರ ಮೇಲೆ ಕೂತರು. ಆ ಬೀಗದ ಬಾಗಿಲ ಸುತ್ತಲಿನ ಹಳೇ ತಗಡು ಕರ್ ಅಂದಿತು. ಮರುಕ್ಷಣ ಅಪ್ಪ, ಬಾಗಿಲು, ಕೀಲು, ಕೊಂಡಿ ಎಲ್ಲವೂ ಒಟ್ಟಿಗೆ ನೆಲದ ಮೇಲಿದ್ದವು. ನಾವು ಅಪ್ಪನನ್ನು ಎತ್ತಲು ಓಡಿದೆವು. ಸೋದರಮಾವ ಬೀಗವನ್ನು ಎತ್ತಲು ಓಡಿದ. ಎಳೆದು ನೋಡಿ ಕಣ್ಣರಳಿಸಿ ಅಂದ: "ಭಾವಾ, ನೋಡಿ! ಬೀಗ ಬಿಚ್ಚಿಲ್ಲ!"

ಬೆಲ್ಲದ ಗಾರೆ

ಇನ್ನು ಹೊರಡುವ ದಿನ ಹತ್ತಿರ ಬಂತು. ನನಗೆ ನಿದ್ದೆ ಬಾರದಾಯಿತು, ಹೆಂಡತಿಗೆ ಊಟ ಸೇರದಾಯಿತು. "ನಾನು ನಡ್ಕೊಂಡೇ ಹೋಗ್ತೀನಿ ಬುಡಿ" ಅಂತ ಅವಳು ಒಮ್ಮೆ ಅಂದಾಗ ನನಗೆ ಅಳುವೇ ಬಂತು.

ಕೊನೆಗೆ ಅಪ್ಪನ ಗೆಳೆಯರೊಬ್ಬರು, ಗಾರೆ ಕೆಲಸದವರು, ದಾರಿ ತೋರಿಸಿದರು. ಸುಣ್ಣಕ್ಕೆ ಅಳಲೆಕಾಯಿ ನೀರು, ತಾಳೆಬೆಲ್ಲ ಹಾಕಿ ಅರೆದರೆ ಗೋಪುರವನ್ನೇ ಹಿಡಿದು ನಿಲ್ಲಿಸುತ್ತದಂತೆ, ಬಂಡಿ ಯಾವ ಲೆಕ್ಕ. ನಾನು ಮೊದಲು ಬಂಡಿಯ ಅಡಿಗೆ, ಹೊರಗೆ ಕಾಣದಂತೆ, ದಪ್ಪ ಹಲಗೆಗಳನ್ನು ಬಿಗಿದು ಕಟ್ಟಿದೆ. ಹೆಂಡತಿ ಬೀಳುವ ಭಯ ಅಲ್ಲಿಗೆ ಹೋಯಿತು. ಮಾವನ ಕಣ್ಣಿಗೆ ಬೀಳುವ ಭಯ ಮಾತ್ರ ಉಳಿಯಿತು. ಹಲಗೆಯ ಮೇಲೆ ಗಾರೆ ಮೆತ್ತಿ, ಸವರಿ, ನೀಲಿ ಬಣ್ಣ ಬಳಿದರೆ ತಗಡೋ ಗಾರೆಯೋ ಬ್ರಹ್ಮನಿಗೂ ಗೊತ್ತಾಗಬಾರದು.

ಆ ಗೆಳೆಯರು ಹೇಳಿದಷ್ಟು ಬೆಲ್ಲ ಸಾಲದೇನೋ ಅಂತ ನನಗೆ ಹೆದರಿಕೆ. ಅವರು ಆಚೆ ಹೋದಾಗ ಇನ್ನಷ್ಟು ಹಾಕಿದೆ. ಅಪ್ಪನಿಗೂ ಅದೇ ಹೆದರಿಕೆ ಇತ್ತಂತೆ, ನಾನು ಆಚೆ ಹೋದಾಗ ಅವರೂ ಹಾಕಿದರು. ಅಜ್ಜಿ ಹಾಕಿದ್ದು ಯಾರಿಗೂ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಹಿತ್ತಲಿಗೆ ಇರುವೆಗಳ ದಂಡೇ ಬಂದಿತ್ತು.

ಅಜ್ಜಿ ಇರುವೆ ಗುಡಿಸುತ್ತಾ ಕೈ ಮುಗಿದಳು. "ಇಷ್ಟೊಂದು ಜೀವ ಉಂಡು ಹರಸ್ತಾವೆ. ಹೆರಿಗೆ ಸುಖವಾಗ್ತದೆ."

ಸಾಮಿ ಬಾಯಿಟ್ಟದ್ದು

ಹೊರಟೆವು. ಹೆಂಡತಿ ಮುಂದುಗಡೆ ಹುಲ್ಲಿನ ಮೆತ್ತೆಯ ಮೇಲೆ, ನಾನು ಮೂಕಿಯ ಮೇಲೆ, ಕಣ್ಣು ಮಾತ್ರ ಹಿಂದಿನ ಗಾರೆಯ ಮೇಲೆ. ಉತ್ತಮಪಾಳ್ಯ ದಾಟಿದ ಮೇಲೆ ತುಂತುರು ಹನಿಯಿತು. ಬಣ್ಣ ಅಲ್ಲಲ್ಲಿ ಬಿರಿಯಿತು, ಬೆಲ್ಲದ ವಾಸನೆ ಘಮ್ಮೆಂದಿತು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಕಂಬಂನಲ್ಲಿ ನಮ್ಮವರ ದೇವರ ದನಗಳ ದೊಡ್ಡಿ ಇದೆ. ಆ ದನಗಳನ್ನು ಯಾರೂ ಹೂಡುವುದಿಲ್ಲ, ಹೊಡೆಯುವುದಿಲ್ಲ. ಅವಕ್ಕೆಲ್ಲ ಒಡೆಯ ಪಟ್ಟದ ಬಸವ. ಪಟ್ಟ ಕಟ್ಟುವಾಗ ಹೋರಿಗಳ ಮುಂದೆ ಕಬ್ಬು ಇಡುತ್ತಾರೆ, ಯಾವುದು ತಾನಾಗಿ ಬಂದು ಬಾಯಿ ಹಾಕುತ್ತದೋ ಅದೇ ಬಸವ. ಸಿಹಿ ಕಂಡರೆ ಮುನ್ನುಗ್ಗುವವನೇ ನಮ್ಮಲ್ಲಿ ರಾಜ ಅನ್ನುವುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಮಾವನ ಮನೆ ದೊಡ್ಡಿಯ ಬೀದಿಯಲ್ಲೇ. ಬಾಗಿಲಲ್ಲಿ ಬಂಡಿ ನಿಲ್ಲಿಸಿದೆ. ಮಾವ ಬಿಳಿ ಪೇಟ ಸುತ್ತಿ, ನೆಂಟರನ್ನೆಲ್ಲ ಕೂಡಿಸಿಕೊಂಡು ನಿಂತಿದ್ದರು. ಹೆಂಡತಿಯನ್ನು ಇಳಿಸಿದೆ. ಅಬ್ಬ, ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಹಿಂದೆ ಗಂಟೆಯ ಸದ್ದಾಯಿತು. ಬಸವ ಬಂದಿತ್ತು. ಬಂಡಿಯ ಹಿಂಬದಿಗೆ ತಲೆ ಹಾಕಿ, ದೊರಗು ನಾಲಿಗೆಯಿಂದ ಗಾರೆಯನ್ನು ಪರಪರ ನೆಕ್ಕತೊಡಗಿತು.

ಓಡಿಸುವಂತಿಲ್ಲ. ಕೋಲು ಎತ್ತಿದರೆ ಕುಲಕ್ಕೇ ಹೊರಗು. ಬೀದಿಯ ಜನ ಸೇರಿ ಕೈ ಮುಗಿದರು. ಮುದುಕರೊಬ್ಬರು ನಡುಗುವ ದನಿಯಲ್ಲಿ, "ಸಾಮಿ ಬಂಡೀನ ಒಪ್ಪಿಕೊಂಡ್ತು!" ಅಂದರು. ನೀಲಿ ಹೋಯಿತು, ಗಾರೆ ಹೋಯಿತು, ಹಲಗೆ ಕಾಣಿಸಿತು. ನಾನು ಕಣ್ಣು ಮುಚ್ಚಿಕೊಂಡೆ. ಹೆಂಡತಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಮಾಪಿಳ್ಳೆ" ಅಂದರು ಮಾವ, ಅಳಿಯನನ್ನು ತಮಿಳಲ್ಲಿ ಕರೆಯುವ ಹಾಗೆ, ತಣ್ಣಗೆ, ಎಲ್ಲರೆದುರಿಗೆ. "ನಾನು ಗಟ್ಟಿ ಕಬ್ಬಿಣದ ಬಂಡಿ ಕೊಟ್ಟಿದ್ದೆ. ನಿಮ್ಮೂರಿಗೆ ಬಂದು ಬೆಲ್ಲದ್ದಾಯ್ತಾ?"

ಉತ್ತರ ಕೊಟ್ಟದ್ದು ಬಸವ. ನನ್ನ ತೇಪೆ ಮುಗಿಸಿ ಅದು ನಿಧಾನ ತಲೆ ಎತ್ತಿ, ಬಂಡಿಯ ಬಲಪಕ್ಕಕ್ಕೆ ನಡೆಯಿತು. ಆ ಪಕ್ಕವನ್ನು ನಾವು ಮುಟ್ಟಿಯೇ ಇರಲಿಲ್ಲ, ಮಾವನ ಮನೆಯ ಬಣ್ಣ ಹಾಗೇ ಇತ್ತು. ಬಸವ ಮೂಸಿತು. ನೆಕ್ಕಿತು. ನೀಲಿ ಹೋಯಿತು, ಕೆಳಗೆ ಬೆಳ್ಳಗೆ ಬೆಲ್ಲದ ಗಾರೆ ಕಾಣಿಸಿತು. ಗಾರೆ ಉದುರಿ, ಆ ಪಕ್ಕದಿಂದ ಈ ಪಕ್ಕಕ್ಕೆ ಬೀದಿ ಕಾಣಿಸಿತು.

ಮಾವ ಪೇಟ ತೆಗೆದು ಹಣೆ ಒರೆಸಿಕೊಂಡರು, ಮತ್ತೆ ಇಟ್ಟುಕೊಂಡರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, ಪಕ್ಕಕ್ಕೆ ಕರೆದೊಯ್ದು, ಕಿವಿಯಲ್ಲಿ ಕೇಳಿದರು:

"ಮಾಪಿಳ್ಳೆ, ಸಾಮಿ ಮೊದಲು ನಿನ್ನ ತೇಪೆ ಕಡೆಗೇ ಬಂತಲ್ಲ. ಬೆಲ್ಲ ಎಷ್ಟು ಹಾಕ್ದೆ?"