ಷಡ್ಡಕನ ಮೊರ, ನನ್ನ ತೊಟ್ಟಿಲು

ನನಗೆ ಹೊಟ್ಟೆಕಿಚ್ಚು ಎಂಬುದೇ ಇಲ್ಲ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಊರಿನಲ್ಲಿ ಯಾರು ಮಹಡಿ ಕಟ್ಟಿಸಿದರೂ, ಯಾರು ಕಾರು ಕೊಂಡರೂ ನಾನು ಗೊರಕೆ ಹೊಡೆದು ಮಲಗಿದವನು. ಆದರೆ ದೇವರು ಷಡ್ಡಕ ಎಂಬ ಸಂಬಂಧವನ್ನು ಯಾಕೆ ಸೃಷ್ಟಿಸಿದನೋ ಕಾಣೆ. ಅಣ್ಣತಮ್ಮಂದಿರ ಮೇಲೆ ಸಿಟ್ಟು ಬಂದರೆ ಪಾಲು ಮಾಡಿಕೊಂಡು ಬೇರೆ ಹೋಗಬಹುದು. ಷಡ್ಡಕನ ಜೊತೆ ಹಾಗಲ್ಲ. ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂತು, ಅತ್ತೆ ಯಾರ ಎಲೆಗೆ ಎಷ್ಟು ತುಪ್ಪ ಬಡಿಸಿದರು ಎಂದು ಓರೆಗಣ್ಣಲ್ಲಿ ನೋಡುತ್ತಾ ನಗುನಗುತ್ತಾ ಊಟ ಮಾಡಬೇಕು.

ನನ್ನ ಷಡ್ಡಕನ ಹೆಸರು ನಂಜುಂಡ. ನನ್ನ ಹೆಂಡತಿ ಶಾಂತಳ ತಂಗಿ ಗೌರಿಯ ಗಂಡ. ನನಗಿಂತ ಕಿರಿಯ, ನನಗಿಂತ ಸಣ್ಣಗಿದ್ದಾನೆ, ತಲೆಯ ಕೂದಲು ಕೂಡ ಪೂರ್ತಿ ಇದೆ. ಇದನ್ನೆಲ್ಲ ನಾನು ಕ್ಷಮಿಸಿದ್ದೆ.

ಚನ್ನಪಟ್ಟಣದ ಹಳೇ ಮೈಸೂರು ರಸ್ತೆಯಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ಹಳೇ ಹಿತ್ತಾಳೆ, ತಾಮ್ರ ತೆಗೆದುಕೊಂಡು ಹೊಸ ಸ್ಟೀಲು ಕೊಡುತ್ತಿದ್ದರು. ಅಪ್ಪನ ಕಾಲಕ್ಕೆ ಸ್ಟೀಲೆಲ್ಲ ಖಾಲಿಯಾಗಿ ನನ್ನ ಕಾಲಕ್ಕೆ ಹಿತ್ತಾಳೆ ರಾಶಿ ಉಳಿಯಿತು. ಒಂದು ದಿನ ಬೆಂಗಳೂರಿನ ಕಾರೊಂದು ನಿಂತು, ಒಬ್ಬರು ಸೊಟ್ಟ ಚೊಂಬೊಂದನ್ನು ಕಣ್ಣಿಗೊತ್ತಿಕೊಂಡು ಕೊಂಡುಹೋದರು. ಮರುದಿನವೇ ನಾನು ಬೋರ್ಡು ಬದಲಾಯಿಸಿದೆ. ‘ಪುರಾತನ ವಸ್ತುಗಳ ಭಂಡಾರ’! ಒಳಗೆ ಕೊಪ್ಪರಿಗೆ, ಒರಳು, ಬೀಸೋಕಲ್ಲು, ಗಾಡಿಚಕ್ರ, ನಿಂತ ಗಡಿಯಾರ ಎಲ್ಲವೂ ಒಂದರ ಮೇಲೊಂದು. ಊರಿನವರು ಮದುವೆ, ನಾಮಕರಣ ಬಂದಾಗ ಬಂದು, “ಅಣ್ಣೋ, ಒಸಿ ಆ ಕೊಪ್ಪರಿಗೆ ಕೊಡು, ನಾಳಿಕ್ಕೆ ತಂದ್ಕೊಡ್ತೀನಿ” ಎಂದು ಎರವಲು ಒಯ್ಯುತ್ತಿದ್ದರು. ವ್ಯಾಪಾರ ಹಾಗೂ ಹೀಗೂ ನಡೆಯುತ್ತಿತ್ತು.

ಆಗ ನಂಜುಂಡ ತನ್ನ ಮೊಬೈಲ್ ಅಂಗಡಿ ಮುಚ್ಚಿ, ನನ್ನೆದುರೇ, ರಸ್ತೆಯ ಆಚೆ ಬದಿಗೆ ಹಳೇ ಸಾಮಾನಿನ ಅಂಗಡಿ ತೆರೆದ.

“ನಿಮ್ಮನ್ನ ನೋಡೇ ಆಸೆ ಬಂತು ಕಣಣ್ಣ” ಎಂದು ಕಾಲಿಗೆ ಬೇರೆ ಬಿದ್ದ. ಆಶೀರ್ವಾದ ಮಾಡಿದೆ. ಹಲ್ಲು ಕಡಿಯುತ್ತಾ ಆಶೀರ್ವಾದ ಮಾಡಿದರೆ ಫಲಿಸುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ. ಫಲಿಸಿಬಿಟ್ಟಿತು!

ಅವನ ಅಂಗಡಿಯಲ್ಲಿ ಏನೂ ಇರಲಿಲ್ಲ. ಸತ್ಯವಾಗಿಯೂ! ಒಂದು ಗೋಡೆಗೆ ಸುಣ್ಣ ಬಳಿದು, ಅದರ ನಡುವೆ ಒಂದೇ ಒಂದು ಮೊರ ನೇತುಹಾಕಿ, ಅದರ ಮೇಲೆ ಹಳದಿ ಬಲ್ಬಿನ ಬೆಳಕು ಬಿಟ್ಟಿದ್ದ. ನಮ್ಮ ಗೌರಿ ರಾಗಿ ಕೇರುತ್ತಿದ್ದ ಮೊರ! ಬೆಂಗಳೂರಿನವರು ಅದರ ಮುಂದೆ ಕೈಕಟ್ಟಿ ನಿಂತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಫೋಟೋ ಹೊಡೆದುಕೊಳ್ಳುತ್ತಿದ್ದರು. ನನ್ನ ಅಂಗಡಿಗೆ ಬಂದವರು ಮಾತ್ರ ಕೊಪ್ಪರಿಗೆಗೆ ಮಂಡಿ ಬಡಿಸಿಕೊಂಡು ಕುಂಟುತ್ತಾ ಹೋಗುತ್ತಿದ್ದರು.

“ನೋಡ್ರೀ, ನಂಜುಂಡುಂಗೆ ಎಂಥಾ ಟೇಸ್ಟು” ಎಂದಳು ಶಾಂತ, ನಮ್ಮ ಬಾಗಿಲಲ್ಲೇ ನಿಂತು. ಅಂದು ನನಗೆ ಅನ್ನ ಸೇರಲಿಲ್ಲ.

ಹೀಗಿರುವಾಗ ಒಬ್ಬ ಮೇಡಂ ಬಂದರು. ರಾಮನಗರದ ಬೆಟ್ಟದ ಬುಡದಲ್ಲಿ ಹೋಮ್‌ಸ್ಟೇ ಕಟ್ಟಿಸುತ್ತಿದ್ದರಂತೆ, ಅದರ ತುಂಬಾ ಹಳೇ ಸಾಮಾನೇ ಬೇಕಂತೆ. ನನ್ನ ಅಂಗಡಿಯ ಒಳಗೆ ಅಡ್ಡಡ್ಡ ನಡೆದು ಒಂದು ಸುತ್ತು ಬಂದು ಕೇಳಿದರು, “ನಿಮ್ಮ ಸ್ಟೈಲ್ ಏನು?”

ಅಂಗಿಯ ಗುಂಡಿ ಹಾಕಿಕೊಂಡೆ.

“ಹಾಗಲ್ಲ, ಅಂಗಡಿಗೆ ನಿಮ್ಮದೇ ಒಂದು ಸ್ಟೈಲ್ ಇರ್ಬೇಕು. ಎದುರುಗಡೆಯವರಿಗೆ ಇದೆ ನೋಡಿ. ಮುಂದಿನ ತಿಂಗಳು ಬರ್ತೀನಿ. ನಿಮ್ಮಿಬ್ಬರಲ್ಲಿ ಯಾರದು ಇಷ್ಟ ಆಗುತ್ತೋ ಅವರಿಗೇ ಪೂರ್ತಿ ಆರ್ಡರ್” ಎಂದು ಹೇಳಿ ಹೋದರು.

ಆರ್ಡರ್ ಹೋದರೆ ಹೋಗಲಿ. ನಂಜುಂಡನಿಗೆ ಹೋಗಬಾರದು! ಆ ಕ್ಷಣದಿಂದ ನಾನು ಸ್ಟೈಲಿನ ಅನ್ವೇಷಣೆಯಲ್ಲಿ ತೊಡಗಿದೆ.

ಮೊದಲ ಹೆಜ್ಜೆಯಾಗಿ ಅಂಗಡಿ ಖಾಲಿ ಮಾಡಿದೆ. ಖಾಲಿ ಮಾಡಿದ್ದನ್ನು ಎಲ್ಲಾದರೂ ಇಡಬೇಕಲ್ಲ? ಅಂಗಡಿಯ ಹಿಂದೆಯೇ ನಮ್ಮ ಮನೆ. ನಡುಮನೆಯಲ್ಲಿ ಕೊಪ್ಪರಿಗೆಗಳು, ಮಂಚದ ಕೆಳಗೆ ಒರಳುಗಳು, ಬಚ್ಚಲ ಬಾಗಿಲಿಗೆ ಅಡ್ಡಲಾಗಿ ಗಾಡಿಚಕ್ರ. ಶಾಂತ ಅಡುಗೆಮನೆಗೆ ಹೋಗಬೇಕಾದರೆ ಸೀರೆ ಎತ್ತಿ ಕಟ್ಟಿಕೊಂಡು ಎರಡು ಕೊಪ್ಪರಿಗೆ ಹತ್ತಿ ಇಳಿಯಬೇಕಿತ್ತು.

“ಇದು ಸಂಸಾರ ಮಾಡೋ ಮನೆನಾ, ಗುಜರಿನಾ?” ಎಂದು ಕೊಪ್ಪರಿಗೆಯ ಒಳಗಿನಿಂದಲೇ ಕೇಳಿದಳು. ಆ ಮಾತು ಅದರೊಳಗೆ ಗುಂಯ್‌ಗುಡುತ್ತಾ ಹಲವು ಸಲ ಕೇಳಿಸಿತು.

ಎರಡನೆಯದಾಗಿ, ಅವನು ಮೊರ ಹಾಕಿದರೆ ನಾನು ಅದಕ್ಕಿಂತ ದೊಡ್ಡದನ್ನು ಹಾಕಬೇಕೆಂದು ತೀರ್ಮಾನಿಸಿ ಚಂದ್ರಿಕೆ ತಂದೆ. ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಬಿಡುವ ಬಿದಿರಿನ ಅಗಲವಾದ ತಟ್ಟೆ ಅದು. ಸುರುಳಿ ಸುರುಳಿಯಾಗಿ ನೋಡುವುದಕ್ಕೆ ಚೆನ್ನ. ಗೂಡು ಬಿಡಿಸಿ ಎಸೆದಿದ್ದ ಹಳೆಯದೊಂದನ್ನು ಪರಿಚಯದ ರೈತರಿಂದ ಕೇಳಿ ತಂದು ಗೋಡೆಗೆ ಹೊಡೆದೆ. ಸಂದಿಗಳಲ್ಲಿ ಬಿಡಿಸದೆ ಬಿಟ್ಟ ಗೂಡು ಅಲ್ಲಲ್ಲಿ ಉಳಿದಿತ್ತು. ಇರಲಿ, ಸಹಜವಾಗಿ ಕಾಣುತ್ತದೆ ಎಂದು ಹಾಗೇ ಬಿಟ್ಟು, ಮೇಲೆ ಬೆಚ್ಚನೆಯ ಹಳದಿ ಬಲ್ಬು ಹಾಕಿದೆ.

ರೇಷ್ಮೆ ನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ಗೂಡು ಬಿಡಿಸದೆ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗುತ್ತದೆ ಎಂಬುದು ಹೊಳೆಯಬೇಕಿತ್ತು. ಹೊಟ್ಟೆ ಉರಿಯುವಾಗ ತಲೆ ಓಡುವುದಿಲ್ಲ. ಒಂದು ಬೆಳಿಗ್ಗೆ ಬೆಂಗಳೂರಿನ ದಂಪತಿ ಚಂದ್ರಿಕೆಯ ಮುಂದೆ ತಲೆ ವಾಲಿಸಿ ನಿಂತಿದ್ದಾಗ ಗೋಡೆಯಿಂದ ದಪ್ಪ ಹೊಟ್ಟೆಯ ಬಿಳಿ ಚಿಟ್ಟೆಗಳು ಪಟಪಟ ರೆಕ್ಕೆ ಬಡಿಯುತ್ತಾ ಇಳಿದು ಆಕೆಯ ಸೀರೆ ಹತ್ತಿದವು. ಆಕೆ ಕಿರುಚಿದ್ದಕ್ಕೆ ಎದುರಿನಿಂದ ನಂಜುಂಡ ನೀರಿನ ಲೋಟ ಹಿಡಿದು ಓಡಿಬಂದ, ಸಮಾಧಾನ ಮಾಡಿ ತನ್ನ ಅಂಗಡಿಗೆ ಕರೆದುಕೊಂಡು ಹೋದ. ಅವರು ಅಲ್ಲಿಂದ, ಒಳಕೋಣೆಯಲ್ಲಿಟ್ಟಿದ್ದ ಒಂದು ದೀಪದ ಕಂಬ ಕೊಂಡು ಹೋದರು.

ಮೇಡಂ ಬರುವ ಭಾನುವಾರ ಹತ್ತಿರವಾಗುತ್ತಿತ್ತು. ಆಗ ನನಗೆ ತೊಟ್ಟಿಲು ನೆನಪಾಯಿತು.

ವಿರೂಪಾಕ್ಷಿಪುರದ ನಮ್ಮತ್ತೆಯ ಮನೆಯ ಅಟ್ಟದಲ್ಲಿ ಒಂದು ತೊಟ್ಟಿಲಿದೆ. ನಮ್ಮ ಚನ್ನಪಟ್ಟಣದ್ದೇ ಕೆಲಸ. ಕಡೆದ ಕಂಬಗಳು, ಕೆಂಪು ಹಳದಿ ಅರಗಿನ ಬಣ್ಣ, ನಾಲ್ಕು ಮೂಲೆಗೂ ಗಿಳಿ. ಶಾಂತ, ಗೌರಿ ಇಬ್ಬರೂ ಮಲಗಿದ್ದು ಅದರಲ್ಲೇ. ಈಗ ಡಿಪ್ಲೊಮಾ ಓದುತ್ತಿರುವ ನನ್ನ ಮಗನನ್ನು ತೂಗಿದ್ದೂ ಅದರಲ್ಲೇ. ಗೌರಿಗೆ ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಿರಲಿಲ್ಲವಾದ್ದರಿಂದ ಅದು ಅಟ್ಟ ಸೇರಿತ್ತು. ನಂಜುಂಡನ ಕಣ್ಣು ಅದರ ಮೇಲೆ ಬೀಳುವ ಮೊದಲೇ ನಾನು ತರಬೇಕು!

ಹೋದೆ. ಅಂಗಡಿಗೆ ಎಂದರೆ ಅತ್ತೆ ಕೊಡುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ಯಾವ ಕಾರಣವನ್ನೂ ಹೇಳಬಾರದು ಎಂಬ ಮಹಾ ಉಪಾಯ ಮಾಡಿದ್ದೆ.

“ಅತ್ತೆ, ಅಟ್ಟದ ಮೇಲಿನ ತೊಟ್ಟಿಲು ಬೇಕಾಗಿತ್ತು.”

ಅತ್ತೆ ನನ್ನ ಮುಖ ನೋಡಿದರು. ಕಳ್ಳಬುದ್ಧಿಯಲ್ಲಿ ಬಂದವನಾದ್ದರಿಂದ ನಾನು ನೆಲ ನೋಡಿದೆ.

“ಶಾಂತ ಚೆಂದಾಗವ್ಳಾ ಅಳಿಯಂದ್ರೆ?”

“ಅವ್ಳಿಗೆ ಒಸಿ ಸುಸ್ತು” ಎಂದೆ. ದಿನವಿಡೀ ಕೊಪ್ಪರಿಗೆ ಹತ್ತಿ ಇಳಿದರೆ ಯಾರಿಗಾದರೂ ಸುಸ್ತೇ.

“ಸುಮ್‌ಸುಮ್ನೆ ರೇಗ್ತಾಳಾ?”

“ಅಯ್ಯೋ, ಕೇಳ್ಬೇಡಿ!”

ಅತ್ತೆಯ ಕಣ್ಣಲ್ಲಿ ನೀರು ಬಂತು. ಮರುಮಾತಿಲ್ಲದೆ ತೊಟ್ಟಿಲು ಇಳಿಸಿ, ಅರಿಶಿನ ಕುಂಕುಮ ಹಚ್ಚಿ, ಜೊತೆಗೆ ಒಂದು ಉಂಡೆ ಹುಣಸೆಹಣ್ಣು ಕೊಟ್ಟರು. ಹಿತ್ತಾಳೆ ಉಜ್ಜುವುದಕ್ಕೆ ಎಂದುಕೊಂಡು ಸಂತೋಷಪಟ್ಟೆ.

“ನಂಜುಂಡನ ಮನೆಗೆ ಮಾತ್ರ ಈಗ್ಲೇ ಗೊತ್ತಾಗ್ಬಾರ್ದು ಅತ್ತೆ” ಎಂದೆ.

“ನಂಗೊತ್ತಿಲ್ವಾ? ಮಕ್ಳಿಲ್ದಿರೋ ಹುಡ್ಗಿ, ಮನ್ಸಿಗೆ ಹಚ್ಕೊಂಡ್‌ಬುಟ್ಟಾಳು” ಎಂದರು ಅತ್ತೆ. ಗೌರಿಗೆ ತೊಟ್ಟಿಲು ನೋಡಿದರೆ ಬೇಸರವಾದೀತು ಎಂಬ ಅರ್ಥದಲ್ಲಿ ಹೇಳುತ್ತಿದ್ದಾರೆ ಎಂದು ತಿಳಿದು ತಲೆಯಾಡಿಸಿದೆ. ಅತ್ತೆ ಕೊಟ್ಟ ಮಾತಿನಂತೆಯೇ ನಡೆದುಕೊಂಡರು. ನಂಜುಂಡನ ಮನೆಯೊಂದನ್ನು ಬಿಟ್ಟು ಇಡೀ ವಿರೂಪಾಕ್ಷಿಪುರಕ್ಕೆ ಹೇಳಿದರು.

ತೊಟ್ಟಿಲು ಅಂಗಡಿಯ ನಡುಮಧ್ಯೆ ಕೊಕ್ಕೆಗೆ ಸರಪಳಿಯಲ್ಲಿ ನೇತಾಡಿತು. ಶಾಂತ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅಂಗಡೀಗೆ ಅಂತ ಹೇಳಿದ್ರಾ ಅವ್ವಂಗೆ?”

“ಹೇಳ್ದೆ ಇದ್ರೆ ಕೊಡ್ತಾರಾ?” ಎಂದೆ. ಇದು ಸುಳ್ಳಲ್ಲ, ಪ್ರಶ್ನೆ.

“ಖಾಲಿ ತೊಟ್ಲು ತೂಗ್ಬಾರ್ದು, ಒಳ್ಳೇದಲ್ಲ” ಎಂದಳು. ಅದಕ್ಕೇನಂತೆ ಎಂದು ಒಂದು ತಾಮ್ರದ ಚೊಂಬಿನಲ್ಲಿ ಮನಿಪ್ಲಾಂಟ್ ನೆಟ್ಟು ತೊಟ್ಟಿಲೊಳಗೆ ಮಲಗಿಸಿದೆ. ಬಳ್ಳಿ ಗಿಳಿಗಳ ಮೇಲೆ ಇಳಿಬಿದ್ದಿತ್ತು. ಬಲ್ಬು ಹಾಕಿ, ದೂರ ನಿಂತು, ತಲೆ ವಾಲಿಸಿ ನೋಡಿದೆ. ನನ್ನ ಕಣ್ಣೇ ಒದ್ದೆಯಾಯಿತು. ಸ್ಟೈಲ್ ಎಂದರೆ ಇದು!

ಭಾನುವಾರ ಮೇಡಂ ಮೊದಲು ನನ್ನ ಅಂಗಡಿಗೇ ಬಂದರು. ಬಾಗಿಲಲ್ಲೇ ನಿಂತು “ಓಹ್” ಎಂದರು. ಹತ್ತಿರ ಹೋಗಿ ಗಿಳಿ ಮುಟ್ಟಿದರು. “ಇದು ನಿಮ್ಮ ಸ್ಟೈಲ್! ಇಂಥಾ ಕಲ್ಪನೆ ಎದುರುಗಡೆ ಇಲ್ಲ” ಎಂದರು. ನಾನು ಎದುರಿನ ಅಂಗಡಿಯತ್ತ ನೋಡಿದೆ. ನಂಜುಂಡ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದ. ಆಹಾ! ಆ ಪೆಚ್ಚು ಮುಖವನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬೇಕೆನಿಸಿತು.

“ಹಾಗಾದ್ರೆ ಆರ್ಡರ್...” ಎಂದು ಮೇಡಂ ಬಾಯಿ ತೆರೆಯುವ ಹೊತ್ತಿಗೆ ಟೆಂಪೋ ಒಂದು ಬಂದು ನಿಂತಿತು.

ಅದರಿಂದ ಅತ್ತೆ ಇಳಿದರು. ಅವರ ಹಿಂದೆ ವಿರೂಪಾಕ್ಷಿಪುರದ ಹೆಂಗಸರೆಲ್ಲ ಇಳಿದರು. ತಟ್ಟೆಗಳಲ್ಲಿ ಮಲ್ಲಿಗೆ, ಹಸಿರು ಬಳೆ, ರವಿಕೆ ಕಣ, ತೆಂಗಿನಕಾಯಿ, ಒಬ್ಬಾಕೆಯ ಸೊಂಟದ ಮೇಲೆ ಒಂದು ಮೊರದ ತುಂಬ ಮಡಿಲಕ್ಕಿ. ಗದ್ದಲ ಕೇಳಿ ಶಾಂತ ನೈಟಿಯಲ್ಲೇ, ಕೈಯಲ್ಲಿ ಪಾತ್ರೆ ಉಜ್ಜುವ ನಾರು ಹಿಡಿದು ಹೊರಗೆ ಬಂದಳು. ಬಂದವಳನ್ನು ಬಂದಂತೆಯೇ ಹಿಡಿದು ಕುರ್ಚಿಯ ಮೇಲೆ ಕೂರಿಸಿ ಹೂ ಮುಡಿಸಿದರು.

“ನಾಚ್ಕೊಬ್ಯಾಡ ಕಣವ್ವ, ದೇವ್ರು ಕೊಟ್ಟಾಗ ವಯಸ್ಸು ನೋಡ್ತಾನಾ?” ಎಂದರು ಒಬ್ಬರು.

“ಎಷ್ಟು ತಿಂಗ್ಳು?” ಎಂದರು ಇನ್ನೊಬ್ಬರು.

“ಯಾವ ತಿಂಗ್ಳು?” ಎಂದಳು ಶಾಂತ.

“ಅಳಿಯಂದ್ರು ತೊಟ್ಲು ಕೇಳ್ಕೊಂಡು ಬಂದಾಗ್ಲೇ ಗೊತ್ತಾಯ್ತು ಬುಡು. ಬಾಯ್ಬುಟ್ಟು ಹೇಳಾಕಾಗ್ದೆ ನೆಲ ನೋಡ್ಕಂಡು ನಿಂತಿದ್ರು, ಪಾಪ!” ಎಂದರು ಅತ್ತೆ.

ಶಾಂತ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮೂರನೇ ಕಣ್ಣು ಎಂದು ಪುರಾಣದಲ್ಲಿ ಕೇಳಿದ್ದೆ. ಅಂದು ನೋಡಿದೆ. ನಾನು ತೊಟ್ಟಿಲಿನ ಮರೆಗೆ ಸರಿದೆ. ಅದೇ ತಪ್ಪಾಯಿತು. ಎಲ್ಲರ ಕಣ್ಣೂ ತೊಟ್ಟಿಲೊಳಗೆ ಹೋಯಿತು.

“ಅಯ್ಯಯ್ಯೋ! ಮಗ ಮಲ್ಗೋ ತೊಟ್ಲಲ್ಲಿ ಸೊಪ್ಪು ಇಕ್ಕವ್ರಲ್ಲಾ!” ಎಂದು ಅತ್ತೆ ಬಾಯಿ ಬಡಿದುಕೊಂಡರು.

“ಅದು ಸ್ಟೈಲು ಅತ್ತೆ...” ಎಂದೆ. “ನಂಗೇನೂ ಆಗಿಲ್ಲ ಕಣವ್ವ, ಇದು ಅಂಗಡೀಗೆ ಅಂತ ತಂದಿರೋದು” ಎಂದಳು ಶಾಂತ.

“ಹೆಣ್ಮಕ್ಳು ಮಲ್ಗಿದ್ ತೊಟ್ಲ ಮಾರಾಕ್ ಇಕ್ಕವ್ರೆ! ಬಸ್ರಿನೂ ಇಲ್ಲ, ಬಯ್ಕೆನೂ ಇಲ್ಲ!” ಎಂದು ಅತ್ತೆ ನಿಂತಲ್ಲೇ ಕುಸಿದರು. ಅಷ್ಟರಲ್ಲಿ ನಂಜುಂಡ, ಗೌರಿ ಇಬ್ಬರೂ ರಸ್ತೆ ದಾಟಿ ಬಂದರು. ಮೇಡಂ ಮಾತ್ರ ಒಂದೂ ಅರ್ಥವಾಗದೆ, ಆದರೆ ಏನೂ ತಪ್ಪಿಸಿಕೊಳ್ಳದೆ, ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದರು.

ಈಗ ಹೆಂಗಸರಿಗೆ ಒಂದು ಧರ್ಮಸಂಕಟ ಬಂತು. ಮಡಿಲಕ್ಕಿ ಹೊತ್ತು ಹೊರಟ ಮೇಲೆ ಹಾಗೇ ವಾಪಸ್ ಮನೆಗೆ ಒಯ್ಯುವಂತಿಲ್ಲ, ಅಶುಭ. ಯಾರ ಮಡಿಲಿಗಾದರೂ ಬೀಳಲೇಬೇಕು. ಎಲ್ಲರೂ ಮಡಿಲು ಹುಡುಕುತ್ತಾ ಸುತ್ತ ನೋಡಿದರು. ಒಂದು ಕ್ಷಣ ನನ್ನನ್ನೂ ನೋಡಿದರು!

ಗೌರಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು. ಅವಳದು ಕಳ್ಳಬುದ್ಧಿಯಲ್ಲ.

“ಮೂರು ತಿಂಗ್ಳು ತುಂಬ್ಲಿ, ಆಮ್ಯಾಕೆ ಹೇಳಣ ಅಂತಿದ್ದೆ ಕಣವ್ವ” ಎಂದಳು ಸಣ್ಣ ದನಿಯಲ್ಲಿ.

ಆಮೇಲಿನದು ಏನು ಹೇಳಲಿ! ಶಾಂತಳೇ ಮೊದಲು ಓಡಿಹೋಗಿ ತಂಗಿಯನ್ನು ತಬ್ಬಿಕೊಂಡು ಅತ್ತಳು. ತನ್ನ ಮುಡಿಯ ಮಲ್ಲಿಗೆ ಕಿತ್ತು ಅವಳಿಗೆ ಮುಡಿಸಿದಳು. ಮಡಿಲಕ್ಕಿ, ಬಳೆ, ತೆಂಗಿನಕಾಯಿ, ಮೇಡಂ ಎಲ್ಲವೂ ಮೆರವಣಿಗೆಯಲ್ಲಿ ರಸ್ತೆ ದಾಟಿದವು. ಟ್ರಾಫಿಕ್ ನಿಂತಿತು. ಎಲ್ಲರ ಹಿಂದೆ ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ನಡೆದವನು ನಾನು. ಮನಿಪ್ಲಾಂಟ್ ಎತ್ತಿಡಲೂ ಅತ್ತೆ ಬಿಡುವು ಕೊಟ್ಟಿರಲಿಲ್ಲ. ಚೊಂಬಿನ ನೀರು ಕಿವಿಯ ಪಕ್ಕ ಇಳಿಯುತ್ತಿತ್ತು.

“ನೀವು ದೊಡ್ಡಪ್ಪ ಆಗ್ತೀರಾ ಕಣಣ್ಣ” ಎಂದು ನಂಜುಂಡ ಮತ್ತೆ ಕಾಲಿಗೆ ಬಿದ್ದ. ಈ ಸಲ ಹಲ್ಲು ಕಡಿಯುವುದಕ್ಕಾಗಲಿಲ್ಲ.  ಒಂದು ಸಂತೋಷಕ್ಕೂ ಹೊಟ್ಟೆಕಿಚ್ಚು ಪಡಲು ಬಿಡದ ಷಡ್ಡಕನನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ. ಆದರೆ ಅದೇ ಸಂಜೆ ತೊಟ್ಟಿಲಿನ ಜೊತೆಗೇ ಹೋದ ಮೇಡಂ ಆರ್ಡರನ್ನೂ ಅವನಿಗೇ ಕೊಟ್ಟರು ಎಂದು ತಿಳಿದಾಗ ಹಲ್ಲು ಮಾಮೂಲಿನ ಕೆಲಸಕ್ಕೆ ಮರಳಿತು.

ನನ್ನ ಅಂಗಡಿಯ ಸೂರಿನಲ್ಲಿ ಈಗ ಬರೀ ಕೊಕ್ಕೆ ಉಳಿದಿತ್ತು. ಮರುದಿನ ನಂಜುಂಡ ಮಿಠಾಯಿ ಕೊಡಲು ಬಂದವನು ಅದನ್ನೇ ತಲೆ ವಾಲಿಸಿ ನೋಡುತ್ತಾ ನಿಂತ.

“ಬರೀ ಕೊಕ್ಕೆ! ಎಂಥಾ ಸ್ಟೈಲ್ ಕಣಣ್ಣ ನಿಮ್ದು!”

ವಾರ ಕಳೆಯುವುದರಲ್ಲಿ ಅವನ ಅಂಗಡಿಯ ನಡುವೆಯೂ ಒಂದು ತುಕ್ಕು ಹಿಡಿದ ಕೊಕ್ಕೆ ನೇತಾಡತೊಡಗಿತು, ಬರೀ ಕೊಕ್ಕೆ, ಮೇಲೊಂದು ಹಳದಿ ಬಲ್ಬು. ಬೆಂಗಳೂರಿನವರು ಅದರ ಫೋಟೋ ಹೊಡೆದುಕೊಂಡು ಹೋಗುತ್ತಿದ್ದಾರೆ.

ನನ್ನ ಕೊಕ್ಕೆಗೆ ಶಾಂತ ಬಾಳೆಗೊನೆ ನೇತುಹಾಕಿದ್ದಾಳೆ. ಈಚೆಗೆ ನನ್ನ ಅಂಗಡಿಗೂ ಜನ ಬರುತ್ತಿದ್ದಾರೆ. ಹಣ್ಣಾಗಿದೆಯಾ ಎಂದು ಕೇಳುತ್ತಾರೆ.