ಮನೆಮಾತಿನ ಚೌಕ ತುಂಬುವ ಬಗ್ಗೆ ಹಾಗೂ ಕಿಟಕಿಯಿಂದ ಇಂಗ್ಲಿಷ್ ಕಲಿಯುವುದರ ಬಗ್ಗೆ

ಸಂಖ್ಯೆ: ಮಎಶಾ/ಇಂಗ್ಲಿಷ್/ಚೌಕ/ತಿದ್ದುಪಡಿಯ ತಿದ್ದುಪಡಿ
ಮನೆಮಾತು ಎಣಿಕೆ ಶಾಖೆ, ಚೆನ್ನೈ

ವಿಷಯ: ವಿಶೇಷ ಇಂಗ್ಲಿಷ್ ತರಗತಿಗೆ ಸೇರುವ ಸರ್ಕಾರಿ ಶಾಲಾ ಮಕ್ಕಳ ಮನೆಮಾತನ್ನು ಒಂದೇ ಚೌಕದಲ್ಲಿ ತುಂಬುವ ಕುರಿತು, ಹಾಗೂ ಕುಮಾರಿ ಸಮೀಕ್ಷಾ ಎಂಬಾಕೆ ಜಗಲಿಯಲ್ಲಿ ನಿಂತಿರುವ ಕುರಿತು.

ಉಲ್ಲೇಖ: ೧. ಇದೇ ಶಾಖೆಯ ಹಿಂದಿನ ಸುತ್ತೋಲೆ (ಯಾರಿಗೂ ಅರ್ಥವಾಗಿಲ್ಲವೆಂದು ವರದಿಯಾಗಿದೆ).
೨. ಅದರ ಸ್ಪಷ್ಟೀಕರಣ (ಶಾಖೆಗೂ ಅರ್ಥವಾಗಿಲ್ಲ).
೩. ಶಿಕ್ಷಕಿ ಶ್ರೀಮತಿ ಬೃಂದಾ ಅವರ ಪತ್ರ (ಸಿಟ್ಟಿನಲ್ಲಿ ಬರೆದದ್ದು).

ಪ್ರಸ್ತಾವನೆ:

ಮನೆಯಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಮಕ್ಕಳಿಗಾಗಿ ಕೋಯಂಬೇಡು ಮಾರುಕಟ್ಟೆಯ ಹಿಂದಿನ ಶಾಲೆಯೊಂದರಲ್ಲಿ ವಿಶೇಷ ಇಂಗ್ಲಿಷ್ ತರಗತಿಯನ್ನು ತೆರೆಯಲಾಗಿದೆ. ಈರುಳ್ಳಿ ಲಾರಿ, ಮೆಟ್ರೋ ಕಾಮಗಾರಿ, ಹೋಟೆಲು, ಹೀಗೆ ಯಾವುದಾದರೊಂದನ್ನು ನಂಬಿ ಊರಿಗೆ ಬಂದವರ ಮಕ್ಕಳು ಅಲ್ಲಿದ್ದು, ತಮಿಳು, ತೆಲುಗು, ಹಿಂದಿ, ಒಡಿಯಾ, ನೇಪಾಳಿ ಮುಂತಾಗಿ ಮಾತಾಡುತ್ತಾರೆ. ಅರ್ಜಿಯಲ್ಲಿ 'ಮನೆಮಾತು' ಎಂಬ ಚೌಕವಿದ್ದು, ಅದರಲ್ಲಿ ಒಂದನ್ನು, ಒಂದನ್ನೇ, ಬರೆಯತಕ್ಕದ್ದು. ಮಿಕ್ಕ ಮಕ್ಕಳೆಲ್ಲ ಬರೆದು ಒಳಗೆ ಕೂತಿದ್ದಾರೆ. ಮೂರನೇ ತರಗತಿಯ ಸಮೀಕ್ಷಾಳ ಚೌಕ ಮಾತ್ರ ಹಲವು ಭಾಷೆಗಳಿಂದ ತುಂಬಿ ಅಂಚಿಗೆಲ್ಲ ಹರಿದಿದೆ. ಆದ್ದರಿಂದ ಆಕೆಯನ್ನು ಜಗಲಿಯಲ್ಲಿ ನಿಲ್ಲಿಸಲಾಗಿದೆ. ಈ ತಿಂಗಳೊಳಗೆ ಇತ್ಯರ್ಥವಾಗದಿದ್ದಲ್ಲಿ ಆಕೆಯ ಸ್ಥಾನ ರದ್ದಾಗುತ್ತದೆ.

ಈ ಸುತ್ತೋಲೆಯನ್ನು ಎಲ್ಲ ಮನೆಮಾತುಗಳಲ್ಲಿಯೂ ಹೊರಡಿಸಬೇಕೆಂದು ನಿಯಮವಿದೆ. ತಮಿಳಿನದು ಹೊರಟಿದೆ. ಕನ್ನಡದ್ದು ಇದು. ಮಿಕ್ಕವನ್ನು ಬರೆಯಬಲ್ಲವರು ಶಾಖೆಯಲ್ಲಿಲ್ಲ. ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

೧. ಮನೆಯೊಳಗೆ ಆಡಿದ್ದು ಮನೆಮಾತು. ಮೆಟ್ಟಿಲ ಮೇಲೆ ಆಡಿದ್ದು ಬೀದಿಮಾತು. ಹೊಸ್ತಿಲ ಮೇಲೆ ನಿಂತು ಆಡಿದ್ದನ್ನು, ಆಡಿದವರ ಮುಖ ಯಾವ ಕಡೆಗಿತ್ತೆಂದು ನೋಡಿ ತೀರ್ಮಾನಿಸತಕ್ಕದ್ದು.

೨. ಬೈಗುಳ, ಲಾಲಿ, ದೇವರ ಮುಂದಿನ ಮಣಮಣ, ಬೆಕ್ಕಿನೊಂದಿಗೆ ಆಡುವ ಮಾತು, ಇವು ಎಣಿಕೆಗೆ ಬರುವುದಿಲ್ಲ. ಬೆಕ್ಕು ಉತ್ತರ ಕೊಟ್ಟಲ್ಲಿ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.

೩. ಒಂದು ಭಾಷೆಯಲ್ಲಿ ಕೇಳಿದ್ದಕ್ಕೆ ಇನ್ನೊಂದರಲ್ಲಿ ಉತ್ತರಿಸುವ ಮಕ್ಕಳ ಉತ್ತರವನ್ನು ಬಂದೇ ಇಲ್ಲವೆಂದು ಪರಿಗಣಿಸತಕ್ಕದ್ದು. ಉದಾಹರಣೆಗೆ, ಅಡ್ಯಾರಿನಲ್ಲಿ ವಾಸವಿರುವ ಒಬ್ಬ ಅಧಿಕಾರಿಯ ಮೊಮ್ಮಗಳು ಅಕ್ಷಯಾ. ತಾತ ಕನ್ನಡದಲ್ಲಿ "ಊಟ ಆಯ್ತೇನೇ?" ಎಂದರೆ ಆಕೆ ತಮಿಳಿನಲ್ಲಿ "ಆಚ್ಚು ತಾತಾ, ಸೂಪರ್!" ಎನ್ನುತ್ತಾಳೆ. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿದ್ದೂ ಮನೆಯೊಳಗೆ ಕನ್ನಡ ಬಿಡದ ವಂಶದಲ್ಲಿ ಹೀಗಾಗಿದೆ. ಸದರಿ ಅಧಿಕಾರಿಯು ಆಕೆಯ ಉತ್ತರಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದ್ದು, ಊಟದ ಹೊತ್ತಿನಲ್ಲಿ ಈಗ ಇಬ್ಬರೂ ಮಾತಾಡುವುದಿಲ್ಲ. ಅಧಿಕಾರಿಗೆ ಇದರಿಂದ ಬೇಸರವಿದೆ. ಬೇಸರಕ್ಕೆ ಅರ್ಜಿಯಲ್ಲಿ ಚೌಕವಿಲ್ಲ.

೪. ಚೌಕ ತುಂಬಿ ಹರಿದದ್ದೇಕೆಂದು ಸಮೀಕ್ಷಾಳ ತಂದೆ, ಮಾರುಕಟ್ಟೆ ಬಳಿಯ ಸಸ್ಯಾಹಾರಿ ಹೋಟೆಲಿನ ಮುಖ್ಯ ಅಡುಗೆಯವರಾದ ಶ್ರೀ ಕಿಟ್ಟಣ್ಣ ಅವರಿಂದ ವಿವರಣೆ ಕೇಳಲಾಯಿತು. ಅವರು ಕುಂದಾಪುರದ ಕಡೆಯವರು. ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಹ್ವಾಯ್, ನಾನ್ ಕುಂದಾಪ್ರ ಕನ್ನಡ, ಹೆಂಡ್ತಿ ತುಳು. ಹೊರಗ್ ಕಾಲಿಟ್ರೆ ತಮಿಳ್. ರುಬ್ಬು ಕಲ್ಲಿನ್ ಹತ್ರ ಒಡಿಯಾದವ, ಬಡಿಸುಕೆ ಬಿಹಾರದವ. ಮಗ್ಳ್ ಎಲ್ಲರ್ ಕೈತುತ್ತೂ ತಿಂದ್ ಬೆಳ್ದದ್ದ್. ಒಂದೇ ಬರಿ ಅಂದ್ರೆ ಯಾರನ್ ಬಿಡೂದ್ ಮರಾಯ್ರೆ? ನಮ್ ಮನಿಯೂ ಸಣ್ದೇ, ಎಲ್ಲರೂ ಇಪ್ಪುದಿಲ್ಯಾ?" ಮನೆಯ ಅಳತೆ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರಿಗೆ ತಿಳಿಸಲಾಗಿದೆ.

೫. ಸ್ಥಳ ಪರಿಶೀಲನೆಗಾಗಿ ಶ್ರೀ ಸಂಜೀವ ಅವರ ತಂಡವನ್ನು ಹೋಟೆಲಿಗೆ ಕಳುಹಿಸಲಾಯಿತು. ಪತ್ತೆಯಾದ ಪ್ರತಿ ಭಾಷೆಗೆ ಒಂದು ತಿಂಡಿಯ ವೆಚ್ಚ ಭರಿಸಲು ಮಂಜೂರಾತಿ ಇದ್ದು, ಇಡ್ಲಿಯ ಜೊತೆ ಒಡಿಯಾ, ಪೂರಿಯ ಜೊತೆ ಭೋಜಪುರಿ, ಗೋಳಿಬಜೆಯ ಜೊತೆ ತುಳು ಪತ್ತೆಯಾದವು. ಮೊದಲ ಭೇಟಿಯಲ್ಲಿ ನಾಲ್ಕು ಭಾಷೆಗಳಿದ್ದ ಅಡುಗೆಮನೆಯಲ್ಲಿ ಮೂರನೇ ಭೇಟಿಯ ಹೊತ್ತಿಗೆ ಹನ್ನೊಂದಾಗಿದ್ದು, ಅವುಗಳಲ್ಲಿ ಎರಡನ್ನು ಆಡುವ ಜನ ಈ ಭೂಮಿಯ ಮೇಲೆ ಇಲ್ಲ. ಇನ್ನು ಮುಂದೆ ಪರಿಶೀಲನಾ ತಂಡಗಳು ಮನೆಯಲ್ಲಿ ತಿಂದುಕೊಂಡೇ ಹೊರಡತಕ್ಕದ್ದು.

೬. ಈ ನಡುವೆ ಸದರಿ ಸಮೀಕ್ಷಾ ಜಗಲಿಯ ಕಿಟಕಿಯಿಂದ ಇಂಗ್ಲಿಷ್ ಕಲಿಯುತ್ತಿರುವುದು ಗಮನಕ್ಕೆ ಬಂದಿದೆ. ಸಾಲದ್ದಕ್ಕೆ, ಶಿಕ್ಷಕಿ ಒಂದು ವಾಕ್ಯ ಹೇಳುತ್ತಲೇ ಆಕೆ ಕಿಟಕಿಯ ಕಂಬಿ ಹಿಡಿದು ಅದನ್ನು ಒಳಗಿನ ಮಕ್ಕಳಿಗೆ ಅವರವರ ಭಾಷೆಯಲ್ಲಿ ಹೇಳಿಕೊಡುತ್ತಿದ್ದಾಳೆ. ಹೊರಗಿನವರು ಒಳಗಿನವರಿಗೆ ಕಲಿಸುವುದಕ್ಕೆ ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಆದ್ದರಿಂದ ಕಿಟಕಿ ಮುಚ್ಚಿಸಲಾಯಿತು.

೭. ಕಿಟಕಿ ಮುಚ್ಚಿದ ನಂತರ ತರಗತಿಯಲ್ಲಿ ಶಿಸ್ತು ಮೂಡಿತು. ಮಕ್ಕಳು ಕೈಕಟ್ಟಿ ಕೂತರು. ಯಾರೂ ತುಟಿ ಬಿಚ್ಚಲಿಲ್ಲ. ಶಾಖೆಯು ತೃಪ್ತಿ ವ್ಯಕ್ತಪಡಿಸುವಷ್ಟರಲ್ಲಿ ಉಲ್ಲೇಖ ೩ರ ಪತ್ರ ಬಂದಿತು. ಶ್ರೀಮತಿ ಬೃಂದಾ ಬರೆದಿರುವುದು ಹೀಗಿದೆ: "ವಾರದಿಂದ ಪಾಠ ಮಾಡ್ತಿದೀನಿ, ಗೋಡೆ ಕೇಳ್ತಿದೆ. ನಂಗೆ ಬರೋದು ಎರಡೂವರೆ ಭಾಷೆ. ಆ ಹುಡುಗಿನ ಒಳಗೆ ಬಿಡಿ, ಇಲ್ಲಾಂದ್ರೆ ಬೋರ್ಡು ಎತ್ಕೊಂಡು ನಾನೇ ಜಗಲಿಗೆ ಹೋಗ್ತೀನಿ. ಮಕ್ಕಳು ಅಲ್ಲಿಗೇ ಬರ್ತಾರೆ, ನೀವು ತರಗತಿಗೆ ಬೀಗ ಹಾಕ್ಕೊಳ್ಳಿ."

೮. ಬೋರ್ಡಿನ ಸ್ಥಳಾಂತರವು ಬೇರೆ ಶಾಖೆಗೆ ಸೇರಿದ ವಿಷಯವಾದ್ದರಿಂದ, ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಖುದ್ದು ಶಾಲೆಗೆ ಹೋಗಬೇಕಾಯಿತು. ಜಗಲಿಯಲ್ಲಿ ಸಮೀಕ್ಷಾಳನ್ನು ನಿಲ್ಲಿಸಿ, ನಿನ್ನ ಮನೆಮಾತು ಯಾವುದೆಂದು ಕನ್ನಡದಲ್ಲಿ ಕೇಳಲಾಯಿತು. ಆಕೆ ತಡವರಿಸದೆ ಅಧಿಕಾರಿಯ ಕನ್ನಡದಲ್ಲೇ ಕೊಟ್ಟ ಉತ್ತರ: "ಎದುರಿಗೆ ಯಾರಿದ್ದಾರೋ ಅವರದ್ದು ಸಾರ್." ತಮ್ಮ ಅರ್ಧಕ್ಕರ್ಧ ವಯಸ್ಸೂ ಇಲ್ಲದವರ ಬಾಯಿಂದ ಕನ್ನಡದ ಉತ್ತರ ಕೇಳಿ ಅಧಿಕಾರಿಗೆ ಬಹಳ ಸಂತೋಷವಾಯಿತೆಂದು ದಾಖಲಿಸಲಾಗಿದೆ. ಮರುಕ್ಷಣವೇ ಆಕೆ ಪಕ್ಕಕ್ಕೆ ತಿರುಗಿ, ತರಗತಿಯ ಬಾಗಿಲಲ್ಲಿ ಹೆದರಿ ನಿಂತಿದ್ದ ನೇಪಾಳಿ ಮಗುವಿಗೆ ಏನೋ ಹೇಳಿದಳು. ಮಗು ನಕ್ಕಿತು. ಹೇಳಿದ್ದೇನೆಂದು ಅಧಿಕಾರಿಗೆ ತಿಳಿಯಲಿಲ್ಲ. ತಮ್ಮ ಮೂಗಿನ ಬಗ್ಗೆ ಇರಬಹುದೆಂಬ ಅನುಮಾನವಿದೆ.

೯. ಹಿಂದಿರುಗಿದ ಮೇಲೆ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಓದಲಾಯಿತು. ಚೌಕದಲ್ಲಿ ಒಂದೇ ಉತ್ತರವಿರಬೇಕೆಂದು ಅವು ಹೇಳುತ್ತವೆ. ಆ ಉತ್ತರಕ್ಕೆ ಹೆಸರಿರಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಆದಕಾರಣ ಸಮೀಕ್ಷಾಳ ಚೌಕದಲ್ಲಿ 'ಎದುರಿನವರದ್ದು' ಎಂದು ಅಧಿಕಾರಿಯೇ ತುಂಬಿದ್ದು, ಅದು ಅಂಚು ಮೀರದೆ ಸರಿಯಾಗಿ ಹಿಡಿದಿದೆ. ಆಕೆಯನ್ನು ತಕ್ಷಣದಿಂದ ತರಗತಿಯೊಳಗೆ ಕೂರಿಸತಕ್ಕದ್ದು, ಮುಂದಿನ ಬೆಂಚಿನಲ್ಲಿ. ಕಿಟಕಿಯನ್ನೂ ತೆರೆಯತಕ್ಕದ್ದು, ಸೆಕೆ ಬಹಳವಿದೆ.

೧೦. ಮೇಲಿನ ಅಂಶ ೩ನ್ನು ಹಿಂಪಡೆಯಲಾಗಿದೆ. ಊಟಕ್ಕೆ ಎದುರಿಗೆ ಕೂತವರು ಯಾರೆಂದು ನೋಡದೆ ಅದನ್ನು ಬರೆಯಲಾಗಿತ್ತು.

ಸಹಿ/-
ಬದರಿನಾಥ
ಮೇಲ್ವಿಚಾರಕರು, ಮನೆಮಾತು ಎಣಿಕೆ ಶಾಖೆ

ಪ್ರತಿಗಳು:
೧. ಶ್ರೀಮತಿ ಬೃಂದಾ ಅವರಿಗೆ. ಬೋರ್ಡನ್ನು ಇದ್ದ ಜಾಗದಲ್ಲೇ ಬಿಡಲು ಕೋರಿದೆ.
೨. ಶ್ರೀ ಕಿಟ್ಟಣ್ಣ ಅವರಿಗೆ, ಹೋಟೆಲಿನ ಹಿಂಬಾಗಿಲ ವಿಳಾಸಕ್ಕೆ.
೩. ಶ್ರೀ ಸಂಜೀವ ಅವರಿಗೆ. ಆ ಎರಡು ಭಾಷೆಗಳನ್ನು ಯಾರು ಆಡಿದರೆಂದು ಲಿಖಿತ ವಿವರಣೆ ನೀಡಲು.
೪. ಬೆಕ್ಕಿಗೆ (ಉತ್ತರ ಬಂದಲ್ಲಿ ಮಾತ್ರ).
೫. ಕುಮಾರಿ ಸಮೀಕ್ಷಾಳಿಗೆ. ಈ ಸುತ್ತೋಲೆ ಹೊರಡದೆ ಉಳಿದಿರುವ ಎಲ್ಲ ಭಾಷೆಗಳಲ್ಲಿ ಇದನ್ನು ಮಕ್ಕಳಿಗೆ ಓದಿ ಹೇಳಲು ಕೋರಿದೆ. ಮೂಗಿನ ವಿಷಯ ಬಿಡಬಹುದು.
೬. ಕುಮಾರಿ ಅಕ್ಷಯಾ, ಅಡ್ಯಾರ್, ಇವರಿಗೆ. ಇಂದು ಊಟದ ಹೊತ್ತಿಗೆ ತಾತ ಮತ್ತೆ ಅದೇ ಪ್ರಶ್ನೆ ಕೇಳಲಿದ್ದಾರೆ. ಉತ್ತರ ಯಾವ ಭಾಷೆಯಲ್ಲಿದ್ದರೂ ಸ್ವೀಕರಿಸಲಾಗುವುದು.